ಎಲ್ಲಿಂದ ಬಂತು ಈ ಪುಸ್ತಕ

ಗ್ರಂಥಾಲಯಕ್ಕೆ ಬಂದವರು ಕಪಾಟು ನೋಡುತ್ತಾರೆ, ಕಪಾಟಿನಲ್ಲಿರುವ ಪುಸ್ತಕ ನೋಡುತ್ತಾರೆ. ನಮ್ಮ ಮೇಜಿನ ಮೇಲಿರುವ ದಪ್ಪ ರಟ್ಟಿನ ಉದ್ದನೆಯ ರಜಿಸ್ಟರನ್ನು ಯಾರೂ ತೆರೆದು ನೋಡುವುದಿಲ್ಲ. ಅದಕ್ಕೆ ಅಕ್ಸೆಷನ್ ರಜಿಸ್ಟರ್ ಎನ್ನುತ್ತೇವೆ. ಒಳಗೆ ಬಂದ ಪ್ರತಿಯೊಂದು ಪುಸ್ತಕಕ್ಕೂ ಅಲ್ಲಿ ಒಂದು ಸಾಲು. ಬಂದ ದಿನ, ಕ್ರಮಸಂಖ್ಯೆ, ಲೇಖಕರು, ಪುಸ್ತಕದ ಹೆಸರು, ಪ್ರಕಾಶಕರು, ವರ್ಷ, ಪುಟ, ಬೆಲೆ. ಇವುಗಳ ನಡುವೆ ‘ಮೂಲ’ ಎಂಬ ಒಂದು ಸಣ್ಣ ಕಾಲಂ. ಅಂದರೆ, ಈ ಪುಸ್ತಕ ಎಲ್ಲಿಂದ ಬಂತು ಎಂಬುದು. ಕೊಂಡಿದ್ದಾದರೆ ಅಂಗಡಿಯ ಹೆಸರು, ಪುಕ್ಕಟೆ ಬಂದದ್ದಾದರೆ ‘ದೇಣಿಗೆ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತೇವೆ. 25 ವರ್ಷಕ್ಕೂ ಮಿಕ್ಕಿ ಈ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸಿದ್ದೆಂದರೆ, ಇಡೀ ರಜಿಸ್ಟರಿನಲ್ಲಿ ಅತಿ ಕಷ್ಟದ ಕಾಲಂ ಅದೇ.

ನನ್ನ ಊರು ಶಿರಗುಪ್ಪಿ. ಈಗ ಕಾಗವಾಡ ತಾಲೂಕು, ಮೊದಲು ಅಥಣಿ ತಾಲೂಕಿನಲ್ಲಿತ್ತು. ಮಹಾರಾಷ್ಟ್ರದ ಗಡಿ ಕೈಗೆಟುಕುವಷ್ಟು ಹತ್ತಿರ. ದೊಡ್ಡ ದವಾಖಾನೆ ಎಂದರೆ ಮಿರಜ, ಮದುವೆಯ ಬಟ್ಟೆ ಬಂಗಾರ ಎಂದರೆ ಸಾಂಗಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಭಾಷೆ. ನಾನು ಹುಡುಗನಾಗಿದ್ದಾಗ ಪುಸ್ತಕ ತುಂಬಿದ ಮನೆ ಎಂದು ನಾನು ಕಂಡದ್ದು ಒಂದೇ, ನನಗೆ ಅಕ್ಷರ ಕಲಿಸಿದ ಮಾಸ್ತರರದು. ಧಾರವಾಡದ ಮನೋಹರ ಗ್ರಂಥಮಾಲೆಗೆ ಚಂದಾ ಕಟ್ಟಿ ಅಂಚೆಯಲ್ಲಿ ತರಿಸಿದ ಕಾದಂಬರಿಗಳು, ಎಲ್ಲಿಂದಲೋ ಹುಡುಕಿ ತಂದ ‘ಜಯಕರ್ನಾಟಕ’ದ ಹಳೆಯ ಸಂಚಿಕೆಗಳು, ಮರಾಠಿಯ ‘ಕಿರ್ಲೋಸ್ಕರ’ ಮಾಸಿಕದ ಕಟ್ಟುಗಳು ಅವರಲ್ಲಿದ್ದವು. ಬಿಡಿ ಸಂಚಿಕೆಗಳನ್ನು ಅವರೇ ದಬ್ಬಣದಿಂದ ಹೊಲಿದು ರಟ್ಟು ಹಾಕುತ್ತಿದ್ದರು. ಪುಟಗಳ ನಡುವೆ ಬೇವಿನ ಎಲೆ ಇಡುತ್ತಿದ್ದರು. ಮೊದಲ ಪುಟದಲ್ಲಿ ತಮ್ಮ ಹೆಸರು, ತಾರೀಖು, ಕೊಟ್ಟ ದುಡ್ಡು, ಎಲ್ಲಿ ಸಿಕ್ಕಿತು ಎಂಬುದನ್ನು ಬರೆಯುತ್ತಿದ್ದರು. ‘ಮಿರಜ, ರದ್ದಿ ಅಂಗಡಿ, ಎಂಟಾಣೆ’ ಎಂದು ಬರೆದ ಪುಸ್ತಕಗಳೇ ಹೆಚ್ಚು. ಓದಲು ಒಯ್ದ ಹುಡುಗರ ಹೆಸರನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅದರಲ್ಲಿ ನನ್ನ ಹೆಸರೂ ಇತ್ತು.

ಮುಂದೆ ನಾನು ಗ್ರಂಥಪಾಲಕನಾದೆ. ಕೆಲವು ವರ್ಷಗಳ ಹಿಂದೆ ಹೊಸದಾಗಿ ಶುರುವಾದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ಕಟ್ಟುವ ಕೆಲಸಕ್ಕೆ ನನ್ನನ್ನು ಹಾಕಿದರು. ಸ್ವಂತ ಕಟ್ಟಡವಿರಲಿಲ್ಲ, ಕಪಾಟುಗಳು ಇನ್ನೂ ಬಂದಿರಲಿಲ್ಲ. ಮಾರ್ಚ್ 31ರೊಳಗೆ ಖರ್ಚು ಮಾಡಬೇಕಾದ ಹಣ ಮಾತ್ರ ಬಂದಿತ್ತು. ಕೊಟೇಶನ್ ಕರೆದೆವು. ಯಾರು ಹೆಚ್ಚು ರಿಯಾಯಿತಿ ಕೊಡುತ್ತಾರೋ ಅವರ ಪಟ್ಟಿಯೇ ನಮ್ಮ ಪಟ್ಟಿಯಾಗುವ ಹಾಗಿತ್ತು. ಒಂದೇ ಪುಸ್ತಕದ 20 ಪ್ರತಿ, ಗೈಡುಗಳು, ಯಾರೂ ಕೇಳದ ಹಳೆಯ ಮ್ಯಾನೇಜ್‌ಮೆಂಟ್ ಪುಸ್ತಕಗಳು. ತಪಾಸಣೆಗೆ ಬರುವ ಸಮಿತಿಗೆ ಸಂಖ್ಯೆ ತೋರಿಸಬೇಕು, ಅಷ್ಟೇ. ಆ ದಿನಗಳಲ್ಲಿ ರಾತ್ರಿ ಹೊತ್ತು ನಾನು ಓದತೊಡಗಿದ್ದು, ನಮಗಿಂತ ಮೊದಲು ಹೀಗೆ ಬರಿಗೈಯಲ್ಲಿ ಗ್ರಂಥಾಲಯ ಶುರು ಮಾಡಿದವರು ಏನು ಮಾಡಿದರು ಎಂಬುದನ್ನು.

ಮೊದಲು ಸಿಕ್ಕವನು ಅಮೆರಿಕದ ಥಾಮಸ್ ಜೆಫರ್ಸನ್. ಅಧ್ಯಕ್ಷಗಿರಿ ಮುಗಿಸಿ ಊರಿಗೆ ಬಂದು ವರ್ಜೀನಿಯಾ ವಿಶ್ವವಿದ್ಯಾಲಯ ಕಟ್ಟಲು ಕೂತ ಮುದುಕ. 1814ರಲ್ಲಿ ಇಂಗ್ಲಿಷರು ವಾಷಿಂಗ್ಟನ್‌ಗೆ ಬೆಂಕಿ ಇಟ್ಟಾಗ ಅಲ್ಲಿನ ಸಂಸತ್ತಿನ ಗ್ರಂಥಾಲಯ ಸುಟ್ಟುಹೋಗಿತ್ತು. ಮರುವರ್ಷ ಈತ ತನ್ನ ಸ್ವಂತದ 6,487 ಪುಸ್ತಕಗಳನ್ನು 23,950 ಡಾಲರಿಗೆ ಸಂಸತ್ತಿಗೆ ಮಾರಿದ. ಆಮೇಲೆ ಎಂಬತ್ತು ದಾಟಿದ ವಯಸ್ಸಿನಲ್ಲಿ ಹೊಸ ವಿಶ್ವವಿದ್ಯಾಲಯಕ್ಕೆ ಬೇಕಾದ 6,860 ಸಂಪುಟಗಳ ಪಟ್ಟಿಯನ್ನು ವಿಷಯವಾರು ಸಿದ್ಧಮಾಡಿದ. ಪ್ರಾಧ್ಯಾಪಕರನ್ನೂ ಪುಸ್ತಕಗಳನ್ನೂ ಹುಡುಕಲು ಫ್ರಾನ್ಸಿಸ್ ಗಿಲ್ಮರ್ ಎಂಬ ತರುಣ ವಕೀಲನನ್ನು 1824ರಲ್ಲಿ ಯುರೋಪಿಗೆ ಕಳಿಸಿದರು. ಉಳಿದ ಖರೀದಿಯನ್ನು ಬಾಸ್ಟನ್ನಿನ ಪುಸ್ತಕ ವ್ಯಾಪಾರಿ ವಿಲಿಯಂ ಹಿಲಿಯರ್ಡ್‌ಗೆ ವಹಿಸಿದರು. 1825ರ ಮಾರ್ಚಿನಲ್ಲಿ ತರಗತಿ ಶುರುವಾದಾಗ ಗ್ರಂಥಾಲಯಕ್ಕೆಂದು ಕಟ್ಟುತ್ತಿದ್ದ ಗುಮ್ಮಟದ ಕಟ್ಟಡ ಇನ್ನೂ ಮುಗಿದಿರಲಿಲ್ಲ. ಪುಸ್ತಕಗಳು ಬೇರೆ ಮನೆಯಲ್ಲಿ ಕೂತವು. ಇದನ್ನು ಓದಿ ನನಗೆ ಸಮಾಧಾನವಾಯಿತು. ನಮ್ಮ ಪುಸ್ತಕದ ಡಬ್ಬಗಳೂ ಆಗ ಪರೀಕ್ಷಾ ವಿಭಾಗದ ಪಡಸಾಲೆಯಲ್ಲೇ ಇದ್ದವು.

ಜೆಫರ್ಸನ್ನನ ರಜಿಸ್ಟರಿನಲ್ಲಿ ‘ಮೂಲ’ದ ಕಾಲಂ ಸರಳ. ಪಟ್ಟಿ ಮಾಡಿದರು, ದುಡ್ಡು ಕೊಟ್ಟರು, ಹಡಗಿನಲ್ಲಿ ತರಿಸಿದರು. ಆ ವಿಶ್ವವಿದ್ಯಾಲಯದ ಕಟ್ಟಡಗಳನ್ನು ಕಟ್ಟಿದ್ದರಲ್ಲಿ ಗುಲಾಮರ ದುಡಿಮೆ ಎಷ್ಟಿತ್ತು ಎಂಬ ಲೆಕ್ಕ ಆ ಕಾಲಂನಲ್ಲಿ ಬರುವುದಿಲ್ಲ, ಅದು ಬೇರೆ ಮಾತು.

ಅದಕ್ಕಿಂತ 25 ವರ್ಷ ಮೊದಲೇ ನಮ್ಮ ದೇಶದಲ್ಲಿ ಒಂದು ಹೊಸ ವಿದ್ಯಾಪೀಠ ಶುರುವಾಗಿತ್ತು. ಅದರ ಗ್ರಂಥಾಲಯದ ಒಂದು ಮುಖ್ಯ ಪಾಲು ಹೋದದ್ದು ನಮ್ಮ ಕರ್ನಾಟಕದಿಂದ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನ ಮಾತು ಹೇಳುತ್ತಿದ್ದೇನೆ. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅದು ಬರೀ ಕಾಲೇಜಾಗಿರಲಿಲ್ಲ, ಪೂರ್ವದೇಶದ ಆಕ್ಸ್‌ಫರ್ಡ್ ಆಗಬೇಕಿತ್ತು. ಕಾನೂನು ಹೊರಬಿದ್ದದ್ದು 1800ರ ಜುಲೈನಲ್ಲಿ. ಆದರೆ ಅದರ ಮೇಲೆ ಹಾಕಿಸಿದ ತಾರೀಖು ಅದೇ ವರ್ಷದ ಮೇ 4. ಟಿಪ್ಪು ಸುಲ್ತಾನ ಸತ್ತು ಶ್ರೀರಂಗಪಟ್ಟಣ ಬಿದ್ದು ಅಂದಿಗೆ ಸರಿಯಾಗಿ ಒಂದು ವರ್ಷ. ವಿದ್ಯಾಸಂಸ್ಥೆಯ ಹುಟ್ಟುಹಬ್ಬವನ್ನು ಯುದ್ಧದ ಗೆಲುವಿನ ದಿನಕ್ಕೆ ಬೇಕೆಂದೇ ಜೋಡಿಸಿದ್ದರು.

ಟಿಪ್ಪುವಿನ ವಿಚಾರದಲ್ಲಿ ನಮ್ಮಲ್ಲಿ ಜಗಳ ಬಹಳ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ, ನನಗೆ ಬೇಕಾದದ್ದು ಪುಸ್ತಕಗಳ ಲೆಕ್ಕ. ಅರಮನೆಯಲ್ಲಿ ಸುಮಾರು 2,000 ಹಸ್ತಪ್ರತಿಗಳ ಸಂಗ್ರಹವಿತ್ತು. ಹೆಚ್ಚಿನವು ಅರಬ್ಬಿ ಮತ್ತು ಫಾರಸಿ. ಧರ್ಮಶಾಸ್ತ್ರ, ಸೂಫಿ ತತ್ವ, ಚರಿತ್ರೆ, ಕಾವ್ಯ, ವೈದ್ಯ, ಎಲ್ಲ ಇತ್ತು. ಗೆದ್ದ ಸೈನ್ಯ ಉಳಿದ ಸಾಮಾನಿನಂತೆ ಇದನ್ನೂ ವಶ ಮಾಡಿಕೊಂಡಿತು. ಕೆಲವನ್ನು ಏಷಿಯಾಟಿಕ್ ಸೊಸೈಟಿಗೂ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳಿಗೂ ಕಾಣಿಕೆ ಕೊಟ್ಟರು. ದೊಡ್ಡ ಪಾಲು ಹೊಸ ಕಾಲೇಜಿಗೆ ಸೇರಿತು. ಕಲಿಸುವವರಿಗೂ ಕಲಿಯುವವರಿಗೂ ಕೈತುಂಬ ಪುಸ್ತಕ ಸಿಕ್ಕಿತು. ಕೊಟೇಶನ್ ಇಲ್ಲ, ರಿಯಾಯಿತಿಯ ಚೌಕಾಸಿ ಇಲ್ಲ.

ಆ ಪುಸ್ತಕಗಳ ಪಟ್ಟಿ ಮಾಡಿದವನು ಅದೇ ಕಾಲೇಜಿನಲ್ಲಿ ಫಾರಸಿ ಕಲಿಸುತ್ತಿದ್ದ ಚಾರ್ಲ್ಸ್ ಸ್ಟೂವರ್ಟ್. ಅವನ ವಿವರಣಾತ್ಮಕ ಸೂಚಿ 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚಾಯಿತು. ಗ್ರಂಥಪಾಲಕನ ಕಣ್ಣಿನಿಂದ ನೋಡಿದರೆ ಒಳ್ಳೆಯ ಕೆಲಸ. ಪುಸ್ತಕಗಳ ರಟ್ಟಿನ ವರ್ಣನೆಯನ್ನು ಕೂಡ ಅವನು ಬಿಟ್ಟಿಲ್ಲ. ಟಿಪ್ಪುವಿನ ಕಾಲದಲ್ಲಿ ಕಟ್ಟಿಸಿದ ಸಂಪುಟಗಳ ನಡುಮಧ್ಯೆ ಒಂದು ಪದಕದಾಕಾರ, ಅದರಲ್ಲಿ ದೇವರ, ಪೈಗಂಬರರ, ಫಾತಿಮಾ, ಹಸನ್, ಹುಸೇನರ ಹೆಸರು. ನಾಲ್ಕು ಮೂಲೆಗೆ ನಾಲ್ವರು ಖಲೀಫರ ಹೆಸರು. ಮೇಲೆ ‘ಸರ್ಕಾರ್-ಎ-ಖುದಾದಾದ್’ ಅಂದರೆ ದೇವರು ಕೊಟ್ಟ ಸರಕಾರ, ಕೆಳಗೆ ‘ಅಲ್ಲಾಹ್ ಕಾಫಿ’ ಅಂದರೆ ದೇವರೊಬ್ಬನೇ ಸಾಕು.

ಸ್ಟೂವರ್ಟ್ ಇನ್ನೊಂದು ಮಾತನ್ನೂ ಬರೆದಿಟ್ಟಿದ್ದಾನೆ. ಇವುಗಳಲ್ಲಿ ಟಿಪ್ಪುವಾಗಲಿ ಅವನ ತಂದೆ ಹೈದರನಾಗಲಿ ದುಡ್ಡು ಕೊಟ್ಟು ಕೊಂಡವು ಬಹಳ ಕಡಿಮೆಯಂತೆ. ಹೆಚ್ಚಿನವು ಸವಣೂರು, ಕಡಪ, ಕರ್ನಾಟಿಕ್ ಸೀಮೆಗಳಿಂದ ಲೂಟಿಯಾಗಿ ಬಂದವು. ಕೆಲವು ಇನ್ನೂ ಹಿಂದೆ ವಿಜಾಪುರದ ಮತ್ತು ಗೋಲ್ಕೊಂಡದ ಸುಲ್ತಾನರವು. ಲೂಟಿ ಮಾಡಿದವರ ಕಡೆಯವನೇ ಹಿಂದಿನ ಲೂಟಿಯ ಲೆಕ್ಕ ಬರೆದಿದ್ದಾನೆ, ತನ್ನವರನ್ನು ಸ್ವಲ್ಪ ಹಗುರ ಮಾಡಿಕೊಳ್ಳುವ ಆಸೆಯೂ ಇದ್ದೀತು. ಆದರೂ ಆ ಸಾಲು ಇಲ್ಲದಿದ್ದರೆ ಸವಣೂರಿನ ಹೆಸರೇ ಈ ಕಥೆಯಲ್ಲಿ ಬರುತ್ತಿರಲಿಲ್ಲ.

ಈ ದಾರಿಯನ್ನು ನಕಾಶೆಯ ಮೇಲೆ ಬೆರಳಿಟ್ಟು ನೋಡಿದರೆ ನಮ್ಮ ಕಡೆಯವರಿಗೆ ಎಲ್ಲ ಪರಿಚಯದ ಊರುಗಳೇ. 1686ರಲ್ಲಿ ವಿಜಾಪುರ ಔರಂಗಜೇಬನ ಕೈಗೆ ಹೋಯಿತು. ಸವಣೂರಿನ ನವಾಬರು ವಿಜಾಪುರದ ಸರದಾರರಾಗಿದ್ದವರ ಮನೆತನ. ಆ ಸವಣೂರನ್ನು ಟಿಪ್ಪು ತೆಗೆದುಕೊಂಡದ್ದು 1786ರಲ್ಲಿ, ನವಾಬ ಮರಾಠರ ಆಸರೆಗೆ ಓಡಿದ. ಹದಿಮೂರು ವರ್ಷಕ್ಕೆ ಶ್ರೀರಂಗಪಟ್ಟಣವೂ ಬಿತ್ತು. ಅರಮನೆ ಬದಲಾದ ಹಾಗೆ ಪುಸ್ತಕವೂ ಚಕ್ಕಡಿ ಹತ್ತಿರಬೇಕು. ವಿಜಾಪುರದಲ್ಲಿ ಅಸಾರ್ ಮಹಲಿನಲ್ಲಿ ಉಳಿದಿದ್ದ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳೂ ಕೊನೆಗೆ ಅಲ್ಲಿ ಉಳಿಯಲಿಲ್ಲ, 1853ರಲ್ಲಿ ಲಂಡನ್ನಿಗೆ ಹೋದವು. ಅಸಾರ್ ಮಹಲು ನೋಡಲು ಹೋದ ನಮ್ಮ ಶಾಲೆಯ ಟ್ರಿಪ್ಪಿನಲ್ಲಿ ನಮಗೆ ಯಾರೂ ಪುಸ್ತಕದ ಮಾತು ಹೇಳಲಿಲ್ಲ. ಪೈಗಂಬರರ ಕೂದಲು ಇಟ್ಟ ಜಾಗ ಎಂದಷ್ಟೇ ಹೇಳಿದರು.

ಬೇರೆಯವರ ಕಡೆ ಬೆರಳು ತೋರಿಸುವಾಗ ನಮ್ಮ ಸೀಮೆಯ ಲೆಕ್ಕವನ್ನೂ ಹೇಳಬೇಕು. ಆಗ ಮಿರಜ, ಸಾಂಗಲಿ, ತಾಸಗಾಂವ ಕಡೆಯ ದೊರೆತನ ಪಟವರ್ಧನರದು. ಅವರ ಪರಶುರಾಮ ಭಾವೂನ ಸೈನ್ಯ 1791ರಲ್ಲಿ ಟಿಪ್ಪುವಿನ ಮೇಲೆ ಏರಿಹೋದಾಗ ಅದರ ಜೊತೆಗಿದ್ದವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಮಠ ಮತ್ತೆ ಎದ್ದು ನಿಲ್ಲಲು ಟಿಪ್ಪು ಸಹಾಯ ಮಾಡಿದ. ಅವನು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು ಮಠದಲ್ಲಿ ಸಿಕ್ಕವು, ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಅವನ್ನು ಬೆಳಕಿಗೆ ತಂದರು. ಹೀಗಿರುವಾಗ ಯಾರು ಒಯ್ದರು, ಯಾರದ್ದು ಹೋಯಿತು ಎಂಬುದನ್ನು ಒಂದೇ ಜಾತಿಗೆ, ಒಂದೇ ಕಡೆಗೆ ಕಟ್ಟಿಹಾಕಲು ಬರುವುದಿಲ್ಲ.

ಅದೇ ಕಾಲದಲ್ಲಿ ಕೇಳಿ ಪಡೆದವರೂ ಇದ್ದರು. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಸರ್ವೆಗೆ ಬಂದ ಕಾಲಿನ್ ಮೆಕೆಂಜಿ ಊರೂರಿಗೆ ತನ್ನ ಪಂಡಿತರನ್ನು ಕಳಿಸಿದ. ಕಾವಲಿ ವೆಂಕಟ ಬೋರಯ್ಯ, 1803ರಲ್ಲಿ ಅವನು ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಇವರು ಪೂಜಾರಿಗಳ, ಶಾನುಭೋಗರ ಮನೆ ಬಾಗಿಲಿಗೆ ಹೋಗಿ ಕೂತು, ಮಾತಾಡಿಸಿ, ಓಲೆಗರಿ, ಕಡತ, ಕೈಫಿಯತ್ತುಗಳನ್ನು ಪಡೆದರು. ಕೊಡದವರಿಂದ ನಕಲು ಮಾಡಿಕೊಂಡರು. 1821ರಲ್ಲಿ ಮೆಕೆಂಜಿ ಸತ್ತಾಗ ಕಂಪನಿ ಅವನ ಹೆಂಡತಿಗೆ 10,000 ಪೌಂಡ್ ಕೊಟ್ಟು ಸಂಗ್ರಹವನ್ನು ಕೊಂಡಿತು. ದಕ್ಷಿಣದ ಭಾಷೆಗಳ ಪಾಲು ಮದರಾಸಿಗೆ ಮರಳಿತು. ನಮ್ಮ ಕನ್ನಡ ಕೈಫಿಯತ್ತುಗಳು ಅಲ್ಲಿಂದಲೇ ನಮಗೆ ದಕ್ಕಿದವು. ಸಿಪಾಯಿ ಇಲ್ಲದೆ, ನಯವಾಗಿ ಕೇಳಿ ಒಯ್ದರೂ ಪುಸ್ತಕ ಆ ಮನೆಯಿಂದ ಹೋದದ್ದು ಹೋದದ್ದೇ. ಆದರೆ ಯಾವ ಊರಿನದು, ಯಾರಿಂದ ಬಂದದ್ದು ಎಂದು ಬರೆದಿಟ್ಟದ್ದರಿಂದ ಇವತ್ತು ಆ ಊರಿನವರು ತಮ್ಮ ಊರಿನ ಹೆಸರು ಹಿಡಿದು ಹುಡುಕಬಹುದು.

ಇಷ್ಟೆಲ್ಲ ಓದಿ ತಲೆಯಲ್ಲಿ ತುಂಬಿಕೊಂಡಿದ್ದ ಹೊತ್ತಿನಲ್ಲೇ ಪುಣೆಯಿಂದ ಮಾಸ್ತರರ ಮಗನ ಫೋನು ಬಂತು. ಮಾಸ್ತರರು ತೀರಿಕೊಂಡು ಎರಡು ವರ್ಷವಾಗಿತ್ತು. ತಾಯಿಯನ್ನು ಪುಣೆಗೆ ಕರೆದುಕೊಂಡು ಹೋಗುವುದಿತ್ತು, ಮನೆ ಕೊಡುವವರಿದ್ದರು. “ಪುಸ್ತಕಾ ನಿಮ್ಮ ಯುನಿವರ್ಸಿಟಿಗೆ ಒಯ್ಯಿರಿ, ಇಲ್ಲಾಂದ್ರ ರದ್ದಿಯವನಿಗೆ ಹೇಳತೀನಿ” ಅಂದರು. ಅವರ ಮಾತಿನಲ್ಲಿ ಅಸಡ್ಡೆ ಇರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಪುಸ್ತಕ ಎಲ್ಲಿಡಬೇಕು ಎಂಬ ದಿಕ್ಕುತೋಚದ ದನಿ ಅದು.

ಟೆಂಪೋ ತೆಗೆದುಕೊಂಡು ಹೋದೆ. ಪುಸ್ತಕಗಳು ಅಟ್ಟದ ಮೇಲಿದ್ದವು. 2019ರಲ್ಲಿ ಕೃಷ್ಣೆ ಜುಗೂಳ, ಮಂಗಾವತಿ ಕಡೆ ನುಗ್ಗಿದಾಗ ಅಲ್ಲಿನ ಬೀಗರು ಮಕ್ಕಳು ಮರಿ ಕಟ್ಟಿಕೊಂಡು ಈ ಮನೆಗೆ ಬಂದಿದ್ದರಂತೆ. ಮಂದಿಗೆ ಮಲಗಲು ಜಾಗ ಮಾಡಲೆಂದು ಮಾಸ್ತರರು ಕಪಾಟು ಖಾಲಿ ಮಾಡಿ ಎಲ್ಲವನ್ನೂ ಸಕ್ಕರೆ ಚೀಲದಲ್ಲಿ ತುಂಬಿ ಅಟ್ಟಕ್ಕೆ ಏರಿಸಿದ್ದರು. ಇಳಿಸುವ ಶಕ್ತಿ ಆಮೇಲೆ ಅವರಿಗೆ ಬರಲಿಲ್ಲ. ಚೀಲ ಬಿಚ್ಚಿದರೆ ಬೇವಿನ ಎಲೆ ಪುಡಿಪುಡಿಯಾಗಿ ಉದುರಿತು. ಒಂದೆರಡು ಕಡೆ ಗೆದ್ದಲು ಹತ್ತಿತ್ತು. ಎಣಿಸಿದಾಗ ಉಳಿದವು 347.

ಕಾಕೂ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ನಾನು ಚೀಲ ಹೊರಗೆ ತರುವಾಗ ಕೇಳಿದರು.

“ತಮ್ಮಾ, ಅಲ್ಲಿ ಇವನ್ನ ಓದೋರು ಅದಾರೇನಪಾ?”

“ಅದಾರ್ರಿ ಕಾಕೂ. ಸಂಶೋಧನಾ ಮಾಡೋ ಹುಡುಗ್ರು ಬರ್ತಾರ.”

“ಮತ್ತ ಇಲ್ಲಿ ಹುಡುಗ್ರು? ಅವರು ಇರೋತನಾ ಓಣ್ಯಾನ ಹುಡುಗ್ರು ಬಂದು ಒಯ್ತಿದ್ವು. ನೀನೂ ಒಯ್ತಿದ್ದಿ.”

ಇದಕ್ಕೆ ನನ್ನ ಹತ್ತಿರ ತಯಾರಿದ್ದ ಉತ್ತರವಿರಲಿಲ್ಲ. ಇದು ಲೂಟಿಯಲ್ಲ, ಮಗ ಕರೆದು ಕೊಟ್ಟದ್ದು. ರದ್ದಿಗೆ ಹೋಗುವುದನ್ನು ಉಳಿಸುತ್ತಿದ್ದೇನೆ ಎಂದೂ ಹೇಳಬಹುದಿತ್ತು. ಆದರೆ ಓಣಿಯ ಹುಡುಗನ ಕಡೆಯಿಂದ ನೋಡಿದರೆ ಪುಸ್ತಕ ಊರು ಬಿಟ್ಟು ಹೋಗುತ್ತಿತ್ತು, ಅಷ್ಟೇ. ದೊಡ್ಡ ಊರಿನಲ್ಲಿ ಸುರಕ್ಷಿತವಾಗಿರುತ್ತದೆ, ಪಂಡಿತರು ಬಳಸುತ್ತಾರೆ ಎಂಬ ಮಾತನ್ನು ಪುಸ್ತಕ ಒಯ್ದವರೆಲ್ಲ ಹೇಳುತ್ತ ಬಂದಿದ್ದಾರೆ. ಅದು ಸುಳ್ಳೂ ಅಲ್ಲ. ಶ್ರೀರಂಗಪಟ್ಟಣದ ಪುಸ್ತಕಗಳು ಕಲ್ಕತ್ತೆಯಲ್ಲೂ ಲಂಡನ್ನಿನಲ್ಲೂ ಇವತ್ತಿಗೂ ಹುಳ ಹತ್ತದೆ ಉಳಿದಿವೆ. ಸವಣೂರಿನ ಹುಡುಗ ನೋಡಬೇಕೆಂದರೆ ಪಾಸ್‌ಪೋರ್ಟ್ ಮಾಡಿಸಬೇಕು.

ಅಂದು ಟೆಂಪೋ ಹೊರಡಲಿಲ್ಲ. ಕಾಕೂ ಎದುರಿಗೇ ಕೂತು ಪುಸ್ತಕಗಳನ್ನು ಎರಡು ಪಾಲು ಮಾಡಿದೆವು. ಕಥೆ, ಕಾದಂಬರಿ, ಮಕ್ಕಳ ಪುಸ್ತಕ, ಬೇರೆ ಕಡೆಯೂ ಸಿಗುವಂಥವು ಊರಿನಲ್ಲೇ ಉಳಿಯಬೇಕೆಂದು ಶಾಲೆಗೆ ಕೊಟ್ಟೆವು. ಅವು 190. ಬೇರೆಲ್ಲೂ ಸುಲಭವಾಗಿ ಸಿಗದ ಹಳೆಯ ಮಾಸಿಕಗಳ ಕಟ್ಟು, ಗಡಿಭಾಗದ ಸಣ್ಣ ಮುದ್ರಣಾಲಯಗಳಲ್ಲಿ ಅಚ್ಚಾದ ಪುಸ್ತಕಗಳು, ಹೀಗೆ 156 ನಾನು ತಂದೆ. ಒಂದನ್ನು ಕಾಕೂ ಕೊಡಲಿಲ್ಲ. ಅದು ಗ್ರಂಥಮಾಲೆಯ ಒಂದು ಕಾದಂಬರಿ. ಹಿಂದಿನ ಖಾಲಿ ಪುಟದಲ್ಲಿ ಮಾಸ್ತರರು ಮನೆ ಕಟ್ಟಿಸಿದಾಗಿನ ಕಲ್ಲು, ಸುಣ್ಣ, ಗೌಂಡಿಯ ಕೂಲಿಯ ಲೆಕ್ಕ ಬರೆದಿದ್ದರು. “ಇದು ಪುಸ್ತಕ ಅಲ್ಲ, ಮನಿ ಲೆಕ್ಕ” ಅಂದು ಅದನ್ನು ಸೆರಗಿನಲ್ಲಿಟ್ಟುಕೊಂಡರು.

ಗ್ರಂಥಾಲಯದಲ್ಲಿ ಆ 156ನ್ನು ದಾಖಲು ಮಾಡುವಾಗ ಸಣ್ಣ ತಕರಾರು ಆಯಿತು. ‘ದೇಣಿಗೆ’ ಎಂದಷ್ಟೇ ಬರೆಯಿರಿ, ಇಷ್ಟುದ್ದ ಯಾಕೆ ಎಂದರು ಸಮಿತಿಯವರೊಬ್ಬರು. ಸಾಫ್ಟ್‌ವೇರಿನಲ್ಲಿ ಟಿಪ್ಪಣಿಗೆಂದು ಒಂದು ಜಾಗವಿದೆ, ಅದಕ್ಕೆ ಸರಕಾರದ ಖರ್ಚಿಲ್ಲ ಎಂದೆ. ಮಾಸ್ತರರ ಹೆಸರು, ಶಿರಗುಪ್ಪಿ, ಅದಕ್ಕೂ ಹಿಂದೆ ಅವರೇ ಬರೆದ ‘ಮಿರಜ, ರದ್ದಿ ಅಂಗಡಿ’, ಉಳಿದ 190 ಪುಸ್ತಕ ಊರಿನ ಶಾಲೆಯಲ್ಲಿವೆ ಎಂಬ ಮಾಹಿತಿ, ಎಲ್ಲವನ್ನೂ ಒಂದೊಂದು ಪುಸ್ತಕಕ್ಕೂ ಬರೆದೆ. ಹತ್ತು ದಿನದ ಕೆಲಸವಾಯಿತು. ಹುಡುಗರು ಒಯ್ದ ಲೆಕ್ಕದ ನೋಟುಬುಕ್ಕನ್ನೂ ಒಂದು ನಂಬರು ಕೊಟ್ಟು ದಾಖಲು ಮಾಡಿದೆ. ಊರಿನಲ್ಲಿ ಯಾರು ಏನು ಓದುತ್ತಿದ್ದರು ಎಂದು ತಿಳಿಯಬೇಕಾದವರಿಗೆ ಅದಕ್ಕಿಂತ ಒಳ್ಳೆಯ ಆಧಾರ ಸಿಗಲಾರದು.

ಗ್ರಂಥಾಲಯವೂ ಶಾಶ್ವತವಲ್ಲ ಎಂಬುದು ಫೋರ್ಟ್ ವಿಲಿಯಂ ಕಾಲೇಜಿನ ಕಥೆಯ ಕೊನೆಯಲ್ಲಿ ಗೊತ್ತಾಗುತ್ತದೆ. ಖರ್ಚು ಹೆಚ್ಚಾಯಿತೆಂದು ಕಂಪನಿಯ ಡೈರೆಕ್ಟರುಗಳು 1802ರಲ್ಲೇ ಮುಚ್ಚಲು ಹೇಳಿದ್ದರು. ಹೇಗೋ ಭಾಷೆ ಕಲಿಸುವ ಶಾಲೆಯಾಗಿ ಉಳಿಯಿತು. ಅಲ್ಲಿ ಕಲಿಸುತ್ತಿದ್ದ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನೂ ಬರೆದು ಅಚ್ಚು ಹಾಕಿಸಿದ. ಸಹಾಯಕ ಗ್ರಂಥಪಾಲಕನಾಗಿದ್ದ ಮೋಹನ ಪ್ರಸಾದ ಠಾಕೂರ ಎಂಬವನು 1810ರಲ್ಲಿ ಬಂಗಾಳಿ–ಇಂಗ್ಲಿಷ್ ಶಬ್ದಕೋಶ ತಂದ. ನನ್ನ ವೃತ್ತಿಯವನ ಹೆಸರು ಅಲ್ಲಿ ಕಂಡು ಖುಷಿಯಾಯಿತು. 1830ರ ದಶಕದಲ್ಲಿ ಪುಸ್ತಕಗಳು ಹಂಚಿಹೋದವು. ಪೌರ್ವಾತ್ಯ ಹಸ್ತಪ್ರತಿಗಳು ಏಷಿಯಾಟಿಕ್ ಸೊಸೈಟಿಗೆ, 4,675 ಸಂಪುಟಗಳು ಆಗಷ್ಟೇ ಶುರುವಾಗಿದ್ದ ಕಲ್ಕತ್ತಾ ಪಬ್ಲಿಕ್ ಲೈಬ್ರರಿಗೆ. ಆ ಲೈಬ್ರರಿಯೇ ಬೆಳೆದು ಇಂದಿನ ರಾಷ್ಟ್ರೀಯ ಗ್ರಂಥಾಲಯವಾಗಿದೆ. 1854ರಲ್ಲಿ ಕಾಲೇಜು ಮುಚ್ಚಿತು.

ನಮ್ಮ ಗ್ರಂಥಾಲಯಕ್ಕೂ ಒಂದು ದಿನ ಅಂಥದ್ದು ಬರಬಹುದು. ಆಗ ಈ 156 ಪುಸ್ತಕ ಯಾವ ಊರಿನ ಕಪಾಟು ಸೇರುತ್ತವೋ. ಸೇರಿದಲ್ಲಿ ಯಾರಾದರೂ ಟಿಪ್ಪಣಿ ತೆರೆದು ನೋಡಿದರೆ ಶಿರಗುಪ್ಪಿ ಎಂಬ ಊರು, ಅಲ್ಲಿ ಸಂಬಳದಲ್ಲಿ ಉಳಿಸಿ ಪುಸ್ತಕ ಕೊಳ್ಳುತ್ತಿದ್ದ ಒಬ್ಬ ಕನ್ನಡ ಶಾಲೆಯ ಮಾಸ್ತರರು ಇದ್ದರು ಎಂದು ತಿಳಿಯುತ್ತದೆ. ಶಾಲೆಗೆ ಕೊಟ್ಟ 190ರ ಸುದ್ದಿಯನ್ನು ಹೆಡ್‌ಮಾಸ್ತರರಿಗೆ ಫೋನು ಮಾಡಿ ಆಗಾಗ ಕೇಳುತ್ತಿರುತ್ತೇನೆ. ಹೋದ ಸಲ ಕೇಳಿದಾಗ, ಹನ್ನೊಂದು ಪುಸ್ತಕ ಒಯ್ದ ಹುಡುಗರು ಇನ್ನೂ ತಂದುಕೊಟ್ಟಿಲ್ಲ ಎಂದು ದೂರಿದರು. ಒಯ್ದವರ ಹೆಸರು ಬರೆದುಕೊಂಡಿದ್ದೀರಲ್ಲ, ಸಾಕು ಬಿಡ್ರಿ ಸರ್, ಅಂದೆ.